ರಸ್ತೆಬದಿಯ ಕಂಪ್ಯೂಟರ್ ಮತ್ತು ಮಾಹಿತಿಯ ವಯಸ್ಸು: ವಾಹನಗಳಿಗೆ ಎಡ್ಜ್ ಕಂಪ್ಯೂಟಿಂಗ್ ಹೇಗೆ ಕೆಲಸ ಮಾಡುತ್ತದೆ

ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಸಾಗಿರುತ್ತದೆ. 100 ಮಿಲಿಸೆಕೆಂಡಿಗೆ 2.8 ಮೀಟರ್, ಅರ್ಧ ಸೆಕೆಂಡಿಗೆ 14 ಮೀಟರ್. ತಿರುವಿನ ಆಚೆ ಒಂದು ವಾಹನ ನಿಂತಿದೆ ಎಂಬ ಸುದ್ದಿ ಅರ್ಧ ಸೆಕೆಂಡು ತಡವಾದರೆ, ಚಾಲಕ ಬ್ರೇಕ್ ಒತ್ತಬೇಕಿದ್ದ ಜಾಗ 14 ಮೀಟರ್ ಹಿಂದೆ ಉಳಿದಿರುತ್ತದೆ. ಎಡ್ಜ್ ಕಂಪ್ಯೂಟಿಂಗ್ ಬಗ್ಗೆ ಮಾತು ಬಂದಾಗಲೆಲ್ಲ ವೇಗದ ಲೆಕ್ಕ ಕೇಳಿಬರುತ್ತದೆ. ನಿಜವಾಗಿ ಅಳೆಯಬೇಕಾದದ್ದು ಮಾಹಿತಿಯ ವಯಸ್ಸು. ರಸ್ತೆಯಲ್ಲಿ ಒಂದು ಸಂಗತಿ ನಡೆದ ಕ್ಷಣದಿಂದ ಅದನ್ನು ಯಾರೋ ಬಳಸಿಕೊಳ್ಳುವ ಕ್ಷಣದವರೆಗೆ ಎಷ್ಟು ಹೊತ್ತಾಯಿತು? ಜಾಲದ ಮೇಲೆ ಒತ್ತಡ ಬಿದ್ದಾಗ ಆ ಹೊತ್ತು ಎಷ್ಟಕ್ಕೆ ಏರುತ್ತದೆ? ಈ ಎರಡು ಪ್ರಶ್ನೆ ಹಿಡಿದುಕೊಂಡರೆ ಇಡೀ ವಿಷಯ ಬಿಡಿಸಿಕೊಳ್ಳುತ್ತದೆ.

ಲೆಕ್ಕಾಚಾರವನ್ನು ದೂರದ ಡೇಟಾ ಸೆಂಟರಿಗೆ ಕಳಿಸದೆ, ಮಾಹಿತಿ ಹುಟ್ಟಿದ ಜಾಗದ ಪಕ್ಕದಲ್ಲೇ ಮಾಡಿ ಮುಗಿಸುವುದು ಎಡ್ಜ್ ಕಂಪ್ಯೂಟಿಂಗ್. ರಸ್ತೆಯ ಮಟ್ಟಿಗೆ ಆ ಪಕ್ಕದ ಜಾಗ ವಾಹನದ ಒಳಗೇ ಇರಬಹುದು, ಜಂಕ್ಷನ್ನಿನ ಸಿಗ್ನಲ್ ಪೆಟ್ಟಿಗೆಯಲ್ಲಿರಬಹುದು, ಮೊಬೈಲ್ ಜಾಲದ ಸ್ಥಳೀಯ ಕೇಂದ್ರದಲ್ಲಿರಬಹುದು. ಕೊನೆಯದಕ್ಕೆ ಯುರೋಪಿನ ಮಾನಕ ಸಂಸ್ಥೆ ಎಟ್ಸಿ 2014ರಿಂದಲೇ ಚೌಕಟ್ಟು ರೂಪಿಸುತ್ತ ಬಂದಿದೆ. ಈ ಕ್ಷೇತ್ರದವರು ಅದನ್ನು ಮೆಕ್ (ಮಲ್ಟಿ-ಆಕ್ಸೆಸ್ ಎಡ್ಜ್ ಕಂಪ್ಯೂಟಿಂಗ್) ಎಂದು ಕರೆಯುತ್ತಾರೆ.

ತಡ ಆಗುವುದು ದೂರದಿಂದಲೇ?

ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಸರ್ವರ್ 1000 ಕಿ.ಮೀ. ದೂರದಲ್ಲಿದ್ದರೂ ಹೋಗಿಬರಲು ಬೆಳಕಿಗೆ ಬೇಕಾದದ್ದು 10 ಮಿಲಿಸೆಕೆಂಡ್ ಮಾತ್ರ. ಹಾಗಾಗಿ ಸರ್ವರನ್ನು ಹತ್ತಿರ ತಂದರೆ ಸಾಕು ಎನ್ನುವ ವಾದ ಅರ್ಧ ಮಾತ್ರ ನಿಜ. ಹೆಚ್ಚಿನ ತಡ ಆಗುವುದು ದಾರಿಯ ಉದ್ದಕ್ಕೂ ಕಾಯುವುದರಲ್ಲಿ: ರೇಡಿಯೋದಲ್ಲಿ ತನ್ನ ಸರದಿಗಾಗಿ, ರೂಟರುಗಳ ಸಾಲಿನಲ್ಲಿ, ಹತ್ತಾರು ಪ್ರೋಗ್ರಾಮುಗಳು ಹಂಚಿಕೊಂಡ ಸರ್ವರಿನಲ್ಲಿ ಪ್ರೊಸೆಸರ್ ಸಿಗುವವರೆಗೆ. ಇವು ಒಂದೇ ಸಮನಾಗಿರುವುದಿಲ್ಲ. ನೂರು ಸಂದೇಶಗಳಲ್ಲಿ ತೊಂಬತ್ತೊಂಬತ್ತು 40 ಮಿಲಿಸೆಕೆಂಡಿನಲ್ಲಿ ತಲುಪಿ, ಒಂದು ಮಾತ್ರ 600 ಮಿಲಿಸೆಕೆಂಡ್ ತೆಗೆದುಕೊಳ್ಳಬಹುದು. ಸೆಕೆಂಡಿಗೆ 10 ಸಂದೇಶ ಕಳಿಸುವ ವ್ಯವಸ್ಥೆಯಲ್ಲಿ ಆ "ನೂರಕ್ಕೆ ಒಂದು" ಪ್ರತಿ 10 ಸೆಕೆಂಡಿಗೊಮ್ಮೆ ಎದುರಾಗುತ್ತದೆ.

ಇದಕ್ಕೊಂದು ಸಾಮಾನ್ಯ ಕಾರಣ ಟಿಸಿಪಿ, ಅಂದರೆ ಕಳಿಸಿದ್ದೆಲ್ಲ ಕ್ರಮವಾಗಿ ತಲುಪುವಂತೆ ನೋಡಿಕೊಳ್ಳುವ ಇಂಟರ್ನೆಟ್ ನಿಯಮ. ಒಂದು ಪ್ಯಾಕೆಟ್ (ಮಾಹಿತಿಯ ತುಣುಕು) ಕಳೆದುಹೋದಾಗ ಅದನ್ನು ಮತ್ತೆ ಕಳಿಸುವ ಮುನ್ನ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಕಾಯುವ ಟೈಮರಿನ ಕನಿಷ್ಠ ಅವಧಿ ಮಾಮೂಲಾಗಿ 200 ಮಿಲಿಸೆಕೆಂಡ್. ಅಷ್ಟರವರೆಗೆ ಹಿಂದಿನಿಂದ ಬಂದ ಹೊಸ ಸಂದೇಶಗಳೂ ಆ ಕಳೆದುಹೋದ ಪ್ಯಾಕೆಟ್ಟಿಗಾಗಿ ತಡೆದು ನಿಲ್ಲುತ್ತವೆ. ವಾಹನದ ಸ್ಥಾನದಂಥ ಮಾಹಿತಿಗೆ ಇದು ತಲೆಕೆಳಗಾದ ಕ್ರಮ, ಯಾಕೆಂದರೆ ಹೊಸದು ಕೈಗೆ ಬಂದ ಮೇಲೆ ಹಳೆಯದರಿಂದ ಆಗಬೇಕಾದದ್ದು ಏನೂ ಇಲ್ಲ. ಆದ್ದರಿಂದ ಸ್ಥಾನ, ವೇಗ, ಸಿಗ್ನಲ್ ಸ್ಥಿತಿಯಂಥ ಕ್ಷಣಕ್ಷಣಕ್ಕೂ ಬದಲಾಗುವ ಮಾಹಿತಿಗೆ, ಕಳೆದದ್ದಕ್ಕೆ ಕಾಯದೆ ಮುಂದೆ ಸಾಗುವ ಯುಡಿಪಿ, ಇಲ್ಲವೇ ನೇರ ರೇಡಿಯೋ ಪ್ರಸಾರ ಸರಿ. ರಸ್ತೆ ಮುಚ್ಚಿದೆ, ನಕ್ಷೆ ಬದಲಾಗಿದೆ ಎಂಬಂಥ ಕಳೆದುಹೋಗಬಾರದ ಸಂಗತಿಗಳಿಗೆ ಟಿಸಿಪಿ ಇರಲಿ.

ವಯಸ್ಸಾದ ಮಾಹಿತಿ ಎಷ್ಟು ಹಾನಿ ಮಾಡುತ್ತದೆ ಎಂಬುದಕ್ಕೂ ಲೆಕ್ಕವಿದೆ. ಸಂದೇಶದಲ್ಲಿ ಸಮಯದ ಮುದ್ರೆ ಸರಿಯಾಗಿದ್ದರೆ, ಪಡೆದವರು "200 ಮಿಲಿಸೆಕೆಂಡ್ ಹಿಂದೆ ಅಲ್ಲಿತ್ತು, ಈ ವೇಗದಲ್ಲಿ ಹೋಗುತ್ತಿತ್ತು, ಹಾಗಾದರೆ ಈಗ ಇಲ್ಲಿರಬೇಕು" ಎಂದು ಮುಂದಕ್ಕೆ ಲೆಕ್ಕ ಹಾಕಿಕೊಳ್ಳಬಹುದು. ಆ ನಡುವೆ ವಾಹನ ಜೋರಾಗಿ ಬ್ರೇಕ್ ಹಾಕಿದರೆ, ಅಂದರೆ ಪ್ರತಿ ಸೆಕೆಂಡಿಗೂ ತನ್ನ ವೇಗವನ್ನು ಸೆಕೆಂಡಿಗೆ 8 ಮೀಟರಿನಷ್ಟು ಇಳಿಸುತ್ತ ಬಂದರೆ, ಲೆಕ್ಕ ತಪ್ಪುವುದು 16 ಸೆಂಟಿಮೀಟರ್. ಮಾಹಿತಿ ಅರ್ಧ ಸೆಕೆಂಡು ಹಳೆಯದಾಗಿದ್ದರೆ ತಪ್ಪು 1 ಮೀಟರ್. ಒಂದು ಸೆಕೆಂಡಾದರೆ 4 ಮೀಟರ್. ವಯಸ್ಸು ಐದು ಪಟ್ಟಾದರೆ ತಪ್ಪು ಇಪ್ಪತ್ತೈದು ಪಟ್ಟು. ಎಡ್ಜ್‌ನ ಪ್ರಯೋಜನ ಇರುವುದು ಇಲ್ಲಿ. 40ರ ಸರಾಸರಿಯನ್ನು 20ಕ್ಕೆ ಇಳಿಸುವುದಕ್ಕಿಂತ 600ರ ಅಪರೂಪವನ್ನು 150ಕ್ಕೆ ಕಟ್ಟಿಹಾಕುವುದು ಎಷ್ಟೋ ಮೇಲು.

ಯಾವ ನಿರ್ಧಾರ ಎಲ್ಲಿ

ಬ್ರೇಕು, ಸ್ಟೀರಿಂಗು ವಾಹನದ ಒಳಗಿನ ಕಂಪ್ಯೂಟರಿನದ್ದೇ ಕೆಲಸ. ಜಾಲ ಕೈಕೊಟ್ಟರೂ ಅವು ನಡೆಯಲೇಬೇಕು, ಇಲ್ಲಿ ರಾಜಿಯಿಲ್ಲ. ರಸ್ತೆಬದಿಯ ಎಡ್ಜ್ ಮಾಡಬೇಕಾದದ್ದು ವಾಹನದ ಕಣ್ಣಿಗೆ ಬೀಳದ್ದನ್ನು ತಿಳಿಸುವುದು: ನಿಂತ ಬಸ್ಸಿನ ಮರೆಯಿಂದ ರಸ್ತೆಗಿಳಿಯುವ ಪಾದಚಾರಿ, ಅಡ್ಡರಸ್ತೆಯಿಂದ ಕೆಂಪು ದೀಪ ದಾಟಿ ನುಗ್ಗುತ್ತಿರುವ ವಾಹನ, ಮುಂದಿನ ಸಿಗ್ನಲ್ ಹಸಿರಾಗಲು ಉಳಿದ ಹೊತ್ತು. ಇಡೀ ಊರಿನ ಸಿಗ್ನಲ್ ಹೊಂದಾಣಿಕೆ, ವಸ್ತು ಗುರುತಿಸುವ ಎಐ ಮಾದರಿಗಳಿಗೆ ತರಬೇತಿ, ತಿಂಗಳ ವರದಿ ಇವೆಲ್ಲ ಕ್ಲೌಡಿಗೆ.

ಈ ಹಂಚಿಕೆಗೆ ಮಾಹಿತಿಯ ಗಾತ್ರವೂ ಒಂದು ಕಾರಣ. ಒಂದು ಕ್ಯಾಮೆರಾದ ಸಂಕುಚಿತ ವಿಡಿಯೋ ಸೆಕೆಂಡಿಗೆ 5 ಮೆಗಾಬಿಟ್ ಎಂದುಕೊಂಡರೆ ದಿನಕ್ಕೆ 54 ಜಿಬಿ, ನಾಲ್ಕು ಕ್ಯಾಮೆರಾಗಳ ಜಂಕ್ಷನ್ನಿಗೆ 216 ಜಿಬಿ. ಅದೇ ವಿಡಿಯೋವನ್ನು ಪೆಟ್ಟಿಗೆಯಲ್ಲೇ ನೋಡಿ, ಯಾವ ಬಗೆಯ ವಸ್ತು, ಎಲ್ಲಿದೆ, ಯಾವ ವೇಗದಲ್ಲಿದೆ ಎಂಬ ಪಟ್ಟಿಯನ್ನಷ್ಟೇ ಕಳಿಸಿದರೆ ಲೆಕ್ಕ ಬೇರೆ. 30 ವಸ್ತುಗಳಿಗೆ ತಲಾ 40 ಬೈಟ್, ಸೆಕೆಂಡಿಗೆ 10 ಸಲ. ದಿನಕ್ಕೆ ಹೆಚ್ಚುಕಡಿಮೆ 1 ಜಿಬಿ. ಮುಖಗಳು, ನಂಬರ್ ಪ್ಲೇಟುಗಳು ಪೆಟ್ಟಿಗೆ ದಾಟಿ ಹೊರಗೆ ಹೋಗುವುದೇ ಇಲ್ಲ. ಖಾಸಗಿತನ ಕಾಯಲು ಇದಕ್ಕಿಂತ ಗಟ್ಟಿಯಾದ ದಾರಿ ನಮಗೆ ಕಂಡಿಲ್ಲ. ಸಂಗ್ರಹಿಸದೇ ಇರುವುದನ್ನು ಕದಿಯಲು ಬರುವುದಿಲ್ಲ.

ಒಂದು ಜಂಕ್ಷನ್ನಿನೊಳಗೆ ಸಮಯ ಎಲ್ಲಿ ಸೋರುತ್ತದೆ

ಪಾದಚಾರಿಯನ್ನು ಕ್ಯಾಮೆರಾ ಕಂಡ ಕ್ಷಣದಿಂದ ಬರುತ್ತಿರುವ ಕಾರಿನೊಳಗೆ ಎಚ್ಚರಿಕೆ ಮೂಡುವವರೆಗಿನ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ನೋಡಬೇಕು. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೆ 33 ಮಿಲಿಸೆಕೆಂಡ್. ನಂತರ ವಿಡಿಯೋ ಸಂಕೋಚನ. ಇಲ್ಲಿ "ಬಿ-ಫ್ರೇಮ್" ಬಳಕೆ ಚಾಲೂ ಇದ್ದರೆ ಒಂದು ಚಿತ್ರವನ್ನು ಹೊರಬಿಡಲು ಮುಂದಿನ ಚಿತ್ರಗಳಿಗಾಗಿ ಕಾಯಬೇಕಾಗುತ್ತದೆ. ಒಂದೊಂದಕ್ಕೂ ಇನ್ನೊಂದು 33 ಮಿಲಿಸೆಕೆಂಡ್. ಆ ಆಯ್ಕೆಯನ್ನು ಆಫ್ ಮಾಡಿ.

ದೊಡ್ಡ ಸೋರಿಕೆ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಕ್ಯಾಮೆರಾದಿಂದ ವಿಡಿಯೋ ಎಳೆಯಲು ಬಹಳ ಜನ ಜಿಸ್ಟ್ರೀಮರ್ ಎಂಬ ತಂತ್ರಾಂಶ ಬಳಸುತ್ತಾರೆ. ಅದರ ಆರ್‌ಟಿಎಸ್‌ಪಿ ಘಟಕದಲ್ಲಿ (ಕ್ಯಾಮೆರಾದ ವಿಡಿಯೋ ಹರಿವನ್ನು ಪಡೆಯುವ ಭಾಗ) ತಾನಾಗಿ ಬರುವ ಬಫರ್, ಅಂದರೆ ವಿಡಿಯೋವನ್ನು ತಡೆದಿಟ್ಟುಕೊಳ್ಳುವ ಅವಧಿ, 2000 ಮಿಲಿಸೆಕೆಂಡ್. ಮನುಷ್ಯರು ತೆರೆಯ ಮೇಲೆ ನೋಡುವ ವಿಡಿಯೋ ತಡವರಿಸದೆ ಓಡಲಿ ಎಂದು ಇಟ್ಟ ಮೌಲ್ಯ ಅದು. ಅದನ್ನು ಬದಲಿಸದೆ ಬಿಟ್ಟರೆ ಎಂಥ ದುಬಾರಿ ಜಿಪಿಯು (ಚಿತ್ರ ಸಂಸ್ಕರಿಸುವ ಚಿಪ್ಪು) ಹಾಕಿದರೂ ಪೆಟ್ಟಿಗೆ ನೋಡುವುದು ಎರಡು ಸೆಕೆಂಡು ಹಿಂದಿನ ರಸ್ತೆಯನ್ನು. ಕ್ಯಾಮೆರಾ ಮತ್ತು ಕಂಪ್ಯೂಟರ್ ಒಂದೇ ಪೆಟ್ಟಿಗೆಯ ಸ್ವಿಚ್ಚಿಗೆ ತಂತಿಯಲ್ಲಿ ಸೇರಿದ್ದರೆ ಬಫರನ್ನು 50 ಮಿಲಿಸೆಕೆಂಡಿಗೆ, ಅದಕ್ಕೂ ಕಡಿಮೆಗೆ ಇಳಿಸಬಹುದು.

ವಸ್ತು ಗುರುತಿಸುವ ಮಾದರಿಗೆ ಚಿತ್ರವೊಂದಕ್ಕೆ 25 ಮಿಲಿಸೆಕೆಂಡ್ ಸಾಕು ಎಂದಿಟ್ಟುಕೊಳ್ಳಿ. ಜಂಕ್ಷನ್ ತುಂಬಿ, ವಸ್ತುಗಳು ಹೆಚ್ಚಾಗಿ, ಅದು 40ಕ್ಕೆ ಏರಿತು. ಚಿತ್ರಗಳು ಬರುತ್ತಿರುವುದು 33ಕ್ಕೊಂದು. ಪ್ರತಿ ಚಿತ್ರಕ್ಕೂ 7 ಮಿಲಿಸೆಕೆಂಡ್ ಬಾಕಿ ಉಳಿಯುತ್ತ ಹೋಗುತ್ತದೆ; ಹತ್ತು ಸೆಕೆಂಡಿನಲ್ಲಿ ಬಾಕಿ ಸುಮಾರು ಎರಡು ಸೆಕೆಂಡು. ತೆರೆಯ ಮೇಲೆ ಎಲ್ಲವೂ ಸರಾಗವಾಗಿ ಓಡುತ್ತಿರುವಂತೆಯೇ ಕಾಣುವುದರಿಂದ ಈ ದೋಷ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬರದೆ ಇರುತ್ತದೆ. ಪರಿಹಾರ ಸರಳ. ಮಾದರಿಯ ಮುಂದಿನ ಸಾಲಿನಲ್ಲಿ ಒಂದೇ ಚಿತ್ರಕ್ಕೆ ಜಾಗ ಇರಲಿ. ಹೊಸದು ಬಂದರೆ ಕಾಯುತ್ತಿರುವ ಹಳೆಯದನ್ನು ಬಿಸಾಡಲಿ.

ಆಮೇಲೆ ಪ್ರಸಾರದ ಸರದಿ. ಸೆಕೆಂಡಿಗೆ 10 ಸಲ ಕಳಿಸುವುದೆಂದರೆ ಸಿದ್ಧವಾದ ಮಾಹಿತಿ ಮುಂದಿನ ಸರದಿಗೆ ಸರಾಸರಿ 50, ಹೆಚ್ಚೆಂದರೆ 100 ಮಿಲಿಸೆಕೆಂಡ್ ಕಾಯುತ್ತದೆ. ಮಾದರಿಯನ್ನು 5 ಮಿಲಿಸೆಕೆಂಡ್ ಚುರುಕುಗೊಳಿಸಲು ವಾರಗಟ್ಟಲೆ ದುಡಿಯುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದೇ ಇಲ್ಲ. ಮಾಹಿತಿ ಸಿದ್ಧವಾದ ಕೂಡಲೇ ಪ್ರಸಾರವನ್ನು ಎಬ್ಬಿಸುವಂತೆ ಜೋಡಿಸಿದರೆ ಈ ಕಾಯುವಿಕೆ ಬಹುಪಾಲು ಮಾಯ.

ಇಡೀ ಸರಪಳಿ ಅಳೆಯಲು ಒಂದು ನಂಬಬಹುದಾದ ಉಪಾಯ: ಜಿಪಿಎಸ್ ರಿಸೀವರ್ ಪ್ರತಿ ಸೆಕೆಂಡಿನ ಆರಂಭಕ್ಕೆ ಕೊಡುವ ವಿದ್ಯುತ್ ಮಿಡಿತಕ್ಕೆ ಒಂದು ಎಲ್‌ಇಡಿ ಕಟ್ಟಿ ಕ್ಯಾಮೆರಾದ ಎದುರು ಇಡಿ. ದೀಪ ಹೊತ್ತಿದ ಕ್ಷಣ ನಿಖರವಾಗಿ ಗೊತ್ತಿರುತ್ತದೆ; ಹೊತ್ತಿದ್ದನ್ನು ಹೇಳುವ ಸಂದೇಶ ವಾಹನದ ಕಡೆಯ ರೇಡಿಯೋಗೆ ಬಂದ ಕ್ಷಣವನ್ನು ದಾಖಲಿಸಿದರೆ ವ್ಯತ್ಯಾಸವೇ ಉತ್ತರ. ಒಂದೊಂದು ತಂತ್ರಾಂಶವೂ ತನ್ನ ಬಗ್ಗೆ ತಾನೇ ಬರೆದುಕೊಂಡ ಲಾಗುಗಳನ್ನು ಕೂಡಿಸಿದರೆ ಈ ಉತ್ತರ ಸಿಗುವುದಿಲ್ಲ, ಯಾಕೆಂದರೆ ಕ್ಯಾಮೆರಾದ ಒಳಗೆ ಕಳೆದ ಹೊತ್ತು ಯಾರ ಲಾಗಿನಲ್ಲೂ ಇರುವುದಿಲ್ಲ.

ಗಡಿಯಾರ

ಮುಂದಕ್ಕೆ ಲೆಕ್ಕ ಹಾಕಿಕೊಳ್ಳುವ ಆ ಉಪಾಯ ನಿಂತಿರುವುದು ಸಮಯದ ಮುದ್ರೆಯ ಮೇಲೆ. ಮುದ್ರೆ ಒತ್ತಬೇಕಾದದ್ದು ಚಿತ್ರ ತೆಗೆದ ಕ್ಷಣಕ್ಕೆ, ಮಾದರಿ ತನ್ನ ಕೆಲಸ ಮುಗಿಸಿದ ಕ್ಷಣಕ್ಕಲ್ಲ. ಎರಡನೆಯದನ್ನು ಹಾಕಿದರೆ ಹಳೆಯ ಮಾಹಿತಿ ಹೊಸದರ ವೇಷದಲ್ಲಿ ಹೊರಡುತ್ತದೆ, ಪಡೆದವರಿಗೆ ತಿದ್ದಿಕೊಳ್ಳಲು ದಾರಿಯೇ ಇರುವುದಿಲ್ಲ.

ಯಾವ ಕಾಲಮಾನ ಎಂಬುದು ಇನ್ನೊಂದು ಬಲೆ. ಜಿಪಿಎಸ್ ಸಮಯ, ನಮ್ಮ ಗಡಿಯಾರಗಳಿಗೆ ಆಧಾರವಾದ ಜಾಗತಿಕ ಕಾಲಮಾನ ಯುಟಿಸಿಗಿಂತ 18 ಸೆಕೆಂಡು ಮುಂದಿದೆ, ಅಂತರರಾಷ್ಟ್ರೀಯ ಪರಮಾಣು ಕಾಲ 37 ಸೆಕೆಂಡು ಮುಂದಿದೆ. ಯುರೋಪಿನ ವಾಹನ ಸಂದೇಶಗಳು 2004ರ ಜನವರಿ 1ರಿಂದ ಪರಮಾಣು ಕಾಲದ ಮಿಲಿಸೆಕೆಂಡುಗಳನ್ನು ಎಣಿಸುತ್ತವೆ. ಆ ದಿನದಿಂದೀಚೆಗೆ ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿಗೆ 5 ಅಧಿಕ ಸೆಕೆಂಡುಗಳು (ಲೀಪ್ ಸೆಕೆಂಡ್) ಸೇರಿವೆ. ಇದನ್ನು ಮರೆತು ಯುಟಿಸಿಯನ್ನೇ ತುಂಬಿಸಿದ ಪೆಟ್ಟಿಗೆಯ ಸಂದೇಶಗಳು 5 ಸೆಕೆಂಡು ಹಿಂದಿನವಾಗಿ ಕಾಣುತ್ತವೆ. ಸರಿಯಾಗಿ ಬರೆದ ತಂತ್ರಾಂಶವಿರುವ ವಾಹನ ಅವನ್ನು ಸದ್ದಿಲ್ಲದೆ ತಿರಸ್ಕರಿಸುತ್ತದೆ. ರೇಡಿಯೋ ಸರಿಯಿದೆ, ಸಹಿ ಸರಿಯಿದೆ, ಆದರೂ ಯಾವ ವಾಹನವೂ ಕೇಳಿಸಿಕೊಳ್ಳುತ್ತಿಲ್ಲ ಎಂಬ ದೂರು ಬಂದರೆ ಮೊದಲು ಈ ಐದು ಸೆಕೆಂಡನ್ನು ಹುಡುಕಿ.

ರೇಡಿಯೋ: ನೇರ ಪ್ರಸಾರ ಮತ್ತು ಮೊಬೈಲ್ ಜಾಲ

ನೇರ ಪ್ರಸಾರಕ್ಕೆ 5.9 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಎರಡು ತಂತ್ರಜ್ಞಾನಗಳಿವೆ. ವೈಫೈ ಕುಟುಂಬದ 802.11ಪಿ 2010ರಲ್ಲಿ ಮಾನಕವಾಯಿತು; ಮೊಬೈಲ್ ಕುಟುಂಬದ ಸಿ-ವಿ2ಎಕ್ಸ್ 2017ರಲ್ಲಿ ಬಂತು. ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ವಾಹನಗಳಲ್ಲಿ ಯಾವುದಿದೆ ಎಂದು ನೋಡದೆ ಕಂಬಕ್ಕೆ ರೇಡಿಯೋ ಕೊಳ್ಳುವುದು ಹಣವನ್ನು ನೀರಿಗೆ ಸುರಿದಂತೆ.

ಗಾಳಿಯಲ್ಲಿರುವ ಜಾಗವೂ ಮಿತ. 802.11ಪಿಯಲ್ಲಿ 10 ಮೆಗಾಹರ್ಟ್ಸ್ ಚಾನೆಲ್‌ನ ಸಾಮಾನ್ಯ ವೇಗ ಸೆಕೆಂಡಿಗೆ 6 ಮೆಗಾಬಿಟ್. ಸಹಿ ಸೇರಿ 350 ಬೈಟ್ ಇರುವ ಸಂದೇಶಕ್ಕೆ ಸುಮಾರು ಅರ್ಧ ಮಿಲಿಸೆಕೆಂಡ್ ಬೇಕು. ಒಂದು ಸೆಕೆಂಡಿನಲ್ಲಿ ಒಂದಕ್ಕೊಂದು ತಾಗಿಸಿ ಜೋಡಿಸಿದರೂ ಹಿಡಿಸುವುದು 2000 ಸಂದೇಶ, ಅಂದರೆ ಸೆಕೆಂಡಿಗೆ 10ರಂತೆ ಮಾತಾಡುವ 200 ವಾಹನಗಳು. ಸಂದೇಶಗಳ ಡಿಕ್ಕಿಯಿಂದಾಗಿ ಅಷ್ಟು ತುಂಬುವ ಮೊದಲೇ ಕೆಲಸ ಕೆಡುತ್ತದೆ. ಅದಕ್ಕೇ ಯುರೋಪಿನ ನಿಯಮದಲ್ಲಿ ವಾಹನ ಸುಮ್ಮನೆ ಕೂಗುತ್ತ ಕೂರುವುದಿಲ್ಲ. ದಿಕ್ಕು 4 ಡಿಗ್ರಿಗಿಂತ, ಸ್ಥಾನ 4 ಮೀಟರಿಗಿಂತ, ವೇಗ ಸೆಕೆಂಡಿಗೆ ಅರ್ಧ ಮೀಟರಿಗಿಂತ ಹೆಚ್ಚು ಬದಲಾದರೆ ಹೊಸ ಸಂದೇಶ. ಇಲ್ಲವಾದರೆ ಸೆಕೆಂಡಿಗೊಂದು ಸಾಕು.

ಕಂಬದ ಮೇಲಿನ ಜೋಡಣೆಯಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಒಂದಿದೆ. ರೇಡಿಯೋವನ್ನು ಕೆಳಗಿನ ಪೆಟ್ಟಿಗೆಯಲ್ಲಿಟ್ಟು ಆಂಟೆನಾಗೆ ಉದ್ದ ಕೇಬಲ್ ಎಳೆಯುವುದು. 5.9 ಗಿಗಾಹರ್ಟ್ಸ್‌ನಲ್ಲಿ ಸುಮಾರು 10 ಮಿ.ಮೀ. ದಪ್ಪದ ಒಳ್ಳೆಯ ಕೋಆಕ್ಸಿಯಲ್ ಕೇಬಲ್ ಕೂಡ 10 ಮೀಟರಿನಲ್ಲಿ 3.5 ಡೆಸಿಬೆಲ್‌ನಷ್ಟು ನುಂಗುತ್ತದೆ. ಅರ್ಧಕ್ಕಿಂತ ಹೆಚ್ಚು ಶಕ್ತಿ ಅಲ್ಲೇ ಹೋಯಿತು, ಕೇಳಿಸಿಕೊಳ್ಳುವಾಗಲೂ ಅಷ್ಟೇ ನಷ್ಟ. ರೇಡಿಯೋ ಮೇಲೆ ಆಂಟೆನಾದ ಬುಡದಲ್ಲೇ ಇರಲಿ. ವಿದ್ಯುತ್ತನ್ನೂ ಮಾಹಿತಿಯನ್ನೂ ಒಂದೇ ಈಥರ್ನೆಟ್ ತಂತಿಯಲ್ಲಿ ಕೊಡಿ, ತಂತಿಗೆ ಸಿಡಿಲು ರಕ್ಷಕ ಹಾಕಿ. ಲಾರಿ, ಬಸ್ಸುಗಳ ನೆತ್ತಿಯ ಮೇಲಿಂದ ನೋಟ ಸಿಗುವಷ್ಟು ಎತ್ತರ ಬೇಕು. 5ರಿಂದ 8 ಮೀಟರ್ ಸಾಮಾನ್ಯ.

ಮೊಬೈಲ್ ಜಾಲದ ಮೂಲಕ ಹೋಗುವ ಎಡ್ಜ್‌ಗೆ ಬೇರೆಯದೇ ಕಂಟಕ. ಸರ್ವರನ್ನು ಟವರಿನ ಬುಡದಲ್ಲೇ ಇಟ್ಟರೂ, 5ಜಿ ಜಾಲದಲ್ಲಿ ಬಳಕೆದಾರರ ಮಾಹಿತಿ ಹೊರಬೀಳುವ ದ್ವಾರವಾದ ಯುಪಿಎಫ್ ಇನ್ನೂರು ಮೈಲಿ ಆಚೆ ಇದ್ದರೆ, ಪ್ರತಿ ಪ್ಯಾಕೆಟ್ ಅಲ್ಲಿಗೆ ಹೋಗಿ ತಿರುಗಿ ಟವರಿನ ಬುಡಕ್ಕೆ ಬರುತ್ತದೆ. ಎಡ್ಜ್ ಇರುವ ಕಡೆಯಲ್ಲೇ ಯುಪಿಎಫ್ ಕೂಡ ಇಳಿದಿರಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಸಿಮ್ ಹಾಕಿದ ಸಾಧನದಿಂದ ಸರ್ವರಿಗೆ, ಪ್ಯಾಕೆಟ್ ಹಾದುಹೋಗುವ ದಾರಿ ತೋರಿಸುವ ಟ್ರೇಸ್‌ರೂಟ್ ಓಡಿಸಿ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿಬರುವ ಸಮಯವನ್ನೂ ಅಳೆಯಿರಿ. ಬಳಸುದಾರಿ ಇದ್ದರೆ ಬಹುತೇಕ ಅಲ್ಲೇ ಗೊತ್ತಾಗುತ್ತದೆ. ಎರಡು ವಾಹನಗಳು ಎರಡು ಕಂಪನಿಗಳ ಸಿಮ್ ಹಾಕಿಕೊಂಡಿದ್ದರೆ, ಪಕ್ಕಪಕ್ಕದಲ್ಲೇ ಇದ್ದರೂ ಅವುಗಳ ಮಾತು ಎರಡು ಜಾಲಗಳು ಕೂಡುವ ದೂರದ ಜಾಗವನ್ನು ಮುಟ್ಟಿ ಬರಬಹುದು. ಅಲ್ಲಿ ನೇರ ಪ್ರಸಾರವೇ ಮೇಲು.

ವಾಹನ ನಿಲ್ಲುವುದಿಲ್ಲ

ಸೆಕೆಂಡಿಗೆ 25 ಮೀಟರ್ ಓಡುವ ವಾಹನ 500 ಮೀಟರ್ ವ್ಯಾಪ್ತಿಯ ಎಡ್ಜ್ ಅನ್ನು 20 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಅದರ ಹಿಂದೆ ಇಡೀ ಪ್ರೋಗ್ರಾಮನ್ನೇ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸಾಗಿಸಲು ಹೊರಡುವುದು ಕೈಗೂಡದ ಕೆಲಸ. ಎಲ್ಲ ಪೆಟ್ಟಿಗೆಗಳಲ್ಲೂ ಒಂದೇ ಪ್ರೋಗ್ರಾಮ್ ಮೊದಲೇ ಓಡುತ್ತಿರಲಿ. ನೆರೆಯ ಪೆಟ್ಟಿಗೆಗಳು ಗಡಿಯಲ್ಲಿರುವ ವಸ್ತುಗಳ ಪಟ್ಟಿಯನ್ನಷ್ಟೇ ಹಂಚಿಕೊಳ್ಳಲಿ. ಮೊಬೈಲ್ ಜಾಲದಲ್ಲಾದರೆ ಭೂಮಿಯನ್ನು ಚೌಕಗಳಾಗಿ ವಿಂಗಡಿಸಿ, ತಾನಿರುವ ಚೌಕ ಮತ್ತು ಸುತ್ತಲಿನ ಎಂಟು ಚೌಕಗಳ ಸಂದೇಶಗಳಿಗೆ ವಾಹನ ಎಂಕ್ಯೂಟಿಟಿಯಲ್ಲಿ (ಬೇಕಾದ ವಿಷಯದ ಸಂದೇಶಗಳನ್ನಷ್ಟೇ ತರಿಸಿಕೊಳ್ಳುವ ವ್ಯವಸ್ಥೆ) ಚಂದಾ ಹಾಕುವ ಕ್ರಮ ಚೆನ್ನಾಗಿ ನಡೆಯುತ್ತದೆ. ವೆಬ್ ನಕ್ಷೆಗಳ 15ನೇ ಹಂತದ ಚೌಕ ಸಮಭಾಜಕದ ಬಳಿ 1.2 ಕಿ.ಮೀ. ಅಗಲ, 18ನೆಯದು 150 ಮೀಟರ್. ತೀರ ಚಿಕ್ಕದಾದರೆ ಚಂದಾ ಬದಲಿಸುವುದೇ ಕೆಲಸವಾಗುತ್ತದೆ, ದೊಡ್ಡದಾದರೆ ಸಂಬಂಧವಿಲ್ಲದ ಸಂದೇಶಗಳ ಮಳೆ. ಗಡಿಯ ಮೇಲೆ ನಿಂತ ವಾಹನ ಜಿಪಿಎಸ್ ತೂಗಾಟದಿಂದ ಕ್ಷಣಕ್ಕೊಂದು ಚೌಕಕ್ಕೆ ಹಾರದಂತೆ, ಗಡಿ ದಾಟಿ ಹತ್ತಿಪ್ಪತ್ತು ಮೀಟರ್ ಹೋದ ಮೇಲಷ್ಟೇ ಚೌಕ ಬದಲಾಗಲಿ.

ಸಿಗ್ನಲ್ ಜೊತೆಗಿನ ಕೆಲಸ

ಇನ್ನು ಎಷ್ಟು ಹೊತ್ತಿಗೆ ಹಸಿರು ಎಂದು ವಾಹನಕ್ಕೆ ಹೇಳುವುದು ಎಡ್ಜ್‌ನ ಅತ್ಯಂತ ಉಪಯುಕ್ತ ಸೇವೆಗಳಲ್ಲೊಂದು. ಸಮಯ ನಿಗದಿಯಾದ ಸಿಗ್ನಲ್ಲಿನಲ್ಲಿ ಇದು ಸಲೀಸು. ದಟ್ಟಣೆ ನೋಡಿ ಹೊಂದಿಕೊಳ್ಳುವ ಸಿಗ್ನಲ್ಲಿನಲ್ಲಿ ಮಾತ್ರ, ಮುಂದಿನ ಬದಲಾವಣೆ ಯಾವಾಗ ಎಂದು ಸಿಗ್ನಲ್ಲಿಗೇ ಖಾತ್ರಿ ಇರುವುದಿಲ್ಲ. ಪಾದಚಾರಿಯೊಬ್ಬರು ಗುಂಡಿ ಒತ್ತಿದರೆ ಲೆಕ್ಕವೆಲ್ಲ ಬದಲು. ಹಾಗಾಗಿ ಸಂದೇಶದಲ್ಲಿ ಬೇಗ ಎಂದರೆ ಯಾವಾಗ, ತಡ ಎಂದರೆ ಯಾವಾಗ ಎಂದು ಎರಡೂ ತುಂಬಲು ಜಾಗವಿದೆ. ಎರಡನ್ನೂ ಪ್ರಾಮಾಣಿಕವಾಗಿ ತುಂಬಿ. ಒಂದೇ ಅಂಕಿ ಹಾಕಿ ಎರಡು ಸಲ ತಪ್ಪಿದರೆ ಚಾಲಕರು ಮೂರನೇ ಸಲ ನೋಡುವುದಿಲ್ಲ.

ಪಥದ ಗುರುತೂ ಸೂಕ್ಷ್ಮ. ಪಥ ಮೂರು, ಮೂರೂವರೆ ಮೀಟರ್ ಅಗಲ. ಸಾಧಾರಣ ಜಿಪಿಎಸ್ ಅಷ್ಟೇ ತಪ್ಪಬಹುದು. ಬಲಕ್ಕೆ ತಿರುಗುವ ಪಥದ ಹಸಿರನ್ನು ನೇರ ಹೋಗುವವರಿಗೆ ತೋರಿಸಿದರೆ ಅದು ಅಪಾಯ. ಜಿಪಿಎಸ್ ತಿದ್ದುಪಡಿಯ ಮಾಹಿತಿಯನ್ನೂ ರಸ್ತೆಬದಿಯಿಂದಲೇ ಪ್ರಸಾರ ಮಾಡಿದರೆ, ಅದನ್ನು ಬಳಸಬಲ್ಲ ವಾಹನಗಳಿಗೆ ಪಥ ಸ್ಪಷ್ಟವಾಗುತ್ತದೆ.

ಎರಡು ಎದುರಾಳಿ ದಿಕ್ಕುಗಳಿಗೆ ಒಟ್ಟಿಗೆ ಹಸಿರು ಬೀಳದಂತೆ ಕಾಯುವ ಪ್ರತ್ಯೇಕ ಯಂತ್ರಾಂಶ ಸಿಗ್ನಲ್ ಪೆಟ್ಟಿಗೆಯಲ್ಲಿ ಇರುತ್ತದೆ. ಎಡ್ಜ್ ಕಂಪ್ಯೂಟರ್ ಅದರ ತಂಟೆಗೆ ಹೋಗಕೂಡದು. ಬಸ್ಸಿಗೆ ಹಸಿರು ಸ್ವಲ್ಪ ಉದ್ದ ಮಾಡಿ ಎಂದು ನಿಯಂತ್ರಕವನ್ನು ಕೇಳಬಹುದು. ಒಪ್ಪುವುದೋ ಬಿಡುವುದೋ ನಿಯಂತ್ರಕಕ್ಕೆ ಬಿಟ್ಟದ್ದು.

ಬಿಸಿಲು, ಪ್ರಮಾಣಪತ್ರ, ಬೀಗ

ಸಿಗ್ನಲ್ ಪೆಟ್ಟಿಗೆಯ ಸಾಧನಗಳಿಗೆ ಅಮೆರಿಕದ ವಿದ್ಯುತ್ ಉಪಕರಣ ತಯಾರಕರ ಸಂಘ ನೀಮಾದ ಮಾನಕ ಹೇಳುವ ಮಿತಿ ಮೈನಸ್ 34ರಿಂದ 74 ಡಿಗ್ರಿ ಸೆಲ್ಸಿಯಸ್. ಕಚೇರಿಗೆಂದು ಮಾಡಿದ ಕಂಪ್ಯೂಟರ್ ಅಲ್ಲಿ ಬದುಕುವುದಿಲ್ಲ. ಬದುಕಿದರೂ ಬಿಸಿ ಏರಿದಾಗ ಜಿಪಿಯು ತನ್ನನ್ನು ಉಳಿಸಿಕೊಳ್ಳಲು ನಿಧಾನವಾಗುತ್ತದೆ, ಮೇಲೆ ಹೇಳಿದ ಬಾಕಿ ಬೆಳೆಯತೊಡಗುತ್ತದೆ. ಮಧ್ಯಾಹ್ನ ಮಾತ್ರ ಕೆಡುವ, ಸಂಜೆ ತಂತ್ರಜ್ಞರು ಬರುವಷ್ಟರಲ್ಲಿ ಸರಿಹೋಗಿರುವ ದೋಷದ ಮೂಲ ಬಹುಪಾಲು ಇದೇ. ಜಿಪಿಯುವಿನ ಉಷ್ಣತೆಯನ್ನು ಮಾಹಿತಿಯ ವಯಸ್ಸಿನ ಜೊತೆಗೇ ದಾಖಲಿಸಿ.

ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರುತ್ತದೆ, ಐಇಇಇ 1609.2 ಇದರ ಮಾನಕ. ಸಹಿಯ ಪ್ರಮಾಣಪತ್ರಗಳ ಆಯುಸ್ಸು ಚಿಕ್ಕದು. ಹಿಂಬದಿ ಜಾಲ ಕಡಿದು ಪೆಟ್ಟಿಗೆ ವಾರಗಟ್ಟಲೆ ಒಂಟಿಯಾದರೆ ಪ್ರಮಾಣಪತ್ರಗಳ ಅವಧಿ ಮುಗಿಯುತ್ತದೆ, ಪೆಟ್ಟಿಗೆಯ ಸ್ಥಿತಿ ತೋರಿಸುವ ಎಲ್ಲ ದೀಪಗಳೂ ಹಸಿರಾಗಿ ಉರಿಯುತ್ತಿದ್ದರೂ ವಾಹನಗಳು ಅದನ್ನು ನಂಬುವುದಿಲ್ಲ. ಇನ್ನೊಂದನ್ನೂ ನೆನಪಿಡಬೇಕು: ಸಂದೇಶ ಯಾರದ್ದು ಎಂದು ಸಹಿ ಹೇಳುತ್ತದೆ, ಅದು ಸತ್ಯವೇ ಎಂದು ಹೇಳುವುದಿಲ್ಲ. ಪೆಟ್ಟಿಗೆಯ ಬೀಗ ಒಡೆದು ಒಳಗಿನ ಕೀಲಿ ಕದ್ದವರು ಸುಳ್ಳನ್ನೂ ಸಹಿ ಹಾಕಿ ಕಳಿಸಬಲ್ಲರು. ಅದಕ್ಕೇ ಕೀಲಿಗಳು ಡಿಸ್ಕಿನಲ್ಲಿರದೆ ಹೊರತೆಗೆಯಲು ಬಾರದ ಚಿಪ್ಪಿನೊಳಗಿರಬೇಕು.

ಒಪ್ಪಿಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ

ತಪ್ಪು ಹೇಳುವುದಕ್ಕಿಂತ ಸುಮ್ಮನಿರುವ ಪೆಟ್ಟಿಗೆ ಲೇಸು. ಮಾಹಿತಿಯ ವಯಸ್ಸು ಒಂದು ಮಿತಿ ದಾಟಿದರೆ, ಪಾದಚಾರಿ ಎಚ್ಚರಿಕೆಗೆ 300 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ, ಪ್ರಸಾರ ತಾನಾಗಿ ನಿಲ್ಲಬೇಕು. ಸೇವೆ ಇಲ್ಲ ಎಂಬುದು ವಾಹನಕ್ಕೆ ತಿಳಿಯಬೇಕು. ಅದು ನಿಜವಾಗಿ ನಡೆಯುತ್ತದೆಯೇ ಎಂದು ಕೆಡಿಸಿಯೇ ನೋಡಬೇಕು. ಜಿಪಿಎಸ್ ಆಂಟೆನಾ ಕಳಚಿ ಗಡಿಯಾರ ತೂಗಾಡುವವರೆಗೆ ಕಾಯಿರಿ. ಒಂದು ಕ್ಯಾಮೆರಾದ ತಂತಿ ಎಳೆಯಿರಿ. ಕೊನೆಯ ಚಿತ್ರದಲ್ಲಿದ್ದ ವಸ್ತುಗಳು ಪಟ್ಟಿಯಲ್ಲಿ ಹಾಗೇ ನಿಂತುಬಿಡುತ್ತವೆಯೇ ನೋಡಿ. ಲಿನಕ್ಸಿನ ಟಿಸಿ ಉಪಕರಣದಿಂದ ಜಾಲಕ್ಕೆ 300 ಮಿಲಿಸೆಕೆಂಡ್ ತಡ, ನೂರಕ್ಕೆ ಎರಡರಷ್ಟು ನಷ್ಟ ಸೇರಿಸಿ. ವಿದ್ಯುತ್ತನ್ನು ಹತ್ತು ಸಲ ದಿಢೀರನೆ ತೆಗೆದು ಕೊಡಿ. ಎಸ್‌ಡಿ ಕಾರ್ಡಿನಿಂದ ಓಡುವ ಪೆಟ್ಟಿಗೆಗಳು ಇಲ್ಲಿ ಕೈಚೆಲ್ಲುವುದುಂಟು. ಇಷ್ಟರ ನಡುವೆಯೂ ಎಲ್‌ಇಡಿ ಮಿನುಗುತ್ತಿರಲಿ, ವಯಸ್ಸಿನ ದಾಖಲೆ ಓಡುತ್ತಿರಲಿ. ವರದಿಯಲ್ಲಿ ಸರಾಸರಿಯ ಪಕ್ಕದಲ್ಲಿ ನೂರರಲ್ಲಿ 99, ಸಾವಿರದಲ್ಲಿ 999 ಸಂದೇಶಗಳು ಎಷ್ಟರೊಳಗೆ ಬಂದವು ಎಂಬ ಎರಡು ಅಂಕಿಗಳನ್ನೂ ಕೇಳಿ. ಸೆಕೆಂಡಿಗೆ 10ರ ಲೆಕ್ಕದಲ್ಲಿ ಆ ಸಾವಿರದ ಉಳಿದ ಒಂದು ಸಂದೇಶ ಪ್ರತಿ 100 ಸೆಕೆಂಡಿಗೊಮ್ಮೆ ಬರುತ್ತದೆ. ಹಗಲಿನ 12 ಗಂಟೆಯಲ್ಲಿ ಅಂಥವು 432.